ವೈರಣ್ಣನೂ ಮೂಕ ಇಪ್ಪತ್ತೇಳೂ

ನಮ್ಮ ಆಫೀಸಿನ ಫೋನು ರಿಪೇರಿ ಮಾಡುವವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇರಲೇಬೇಕು. ನಮಗ್ಯಾರಿಗೂ ಅದು ಬೇಕಾಗಿಲ್ಲ. ನಾಲ್ಕು ಮಹಡಿಗೂ ಅವರು ವೈರಣ್ಣ. ವಯಸ್ಸು ಅರವತ್ತರ ಹತ್ತಿರ, ಕನ್ನಡಕದ ಒಂದು ಕಡ್ಡಿಗೆ ಕಪ್ಪು ಟೇಪು, ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಲಿಫ್ಟಿಗೆ ಕಾಲಿಡುವುದಿಲ್ಲ. "ವೈರು ಎಳೆಯೋರು ಎಂಥವರು ಅಂತ ನನಗಲ್ಲದೆ ಇನ್ಯಾರಿಗಮ್ಮ ಗೊತ್ತು" ಅನ್ನುತ್ತಾರೆ.

ನಾನು ಕೆಳಗೆ ಬೋರ್ಡಿನಲ್ಲಿ ಕೂರುವವಳು. ಹೊರಗಿನ ಕರೆ ಎತ್ತಿ ಬೇಕಾದವರಿಗೆ ಕೊಡುವುದು ನನ್ನ ಕೆಲಸ. ಬಾಯಿ ಸ್ವಲ್ಪ ಜೋರು, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ಹಲೋ ಹಲೋ ಅಂದವಳ ಬಾಯಿ ಮೆತ್ತಗೆ ಎಲ್ಲಿಂದ ಇರಬೇಕು?

ವೈರಣ್ಣನ ಚೀಲದಲ್ಲಿ ಒಂದು ಹಳೆಯ ಹಸಿರು ಫೋನಿದೆ. ಅದರ ಹೆಸರು ಅಳಿಯ. ಯಾರ ಫೋನು ಕೆಟ್ಟರೂ ಮೊದಲು ಅದನ್ನು ಕಿತ್ತು ಅಳಿಯನನ್ನು ಕೂರಿಸುವುದು ಅವರ ಪದ್ಧತಿ. ಅಳಿಯ ಮಾತಾಡಿದರೆ ಕೆಟ್ಟಿದ್ದು ಫೋನು. ಅಳಿಯನೂ ಸುಮ್ಮನಿದ್ದರೆ ಕೆಟ್ಟಿದ್ದು ಲೈನು. "ಎಲ್ಲಿ ಕೂರಿಸಿದ್ರೂ ಕೂರ್ತಾನೆ, ಏನೂ ಕೇಳಲ್ಲ. ಮನೇಲಿರೋ ಅಳಿಯ ಹೀಗಿದ್ದಿದ್ರೆ ನನ್ನ ತಲೇಲಿ ಇನ್ನೂ ನಾಲ್ಕು ಕೂದಲು ಇರ್ತಿತ್ತು."

ಆ ದಿನ ಮಾತ್ರ ಅಳಿಯನ ಕೈಯಲ್ಲೂ ಆಗಲಿಲ್ಲ.

ಮೂಕವಾಗಿದ್ದು ಇಪ್ಪತ್ತೇಳನೇ ನಂಬರು, ಕಡತ ಕೋಣೆಯದು. ಅಲ್ಲಿಗೆ ಹೊರಗಿನ ಕರೆ ಬರುವುದಿಲ್ಲ, ಆಫೀಸಿನವರೇ ಮಾಡಬೇಕು. ಅಲ್ಲಿರುವವಳು ಒಬ್ಬಳೇ, ಎಲ್ಲರ ಬಾಯಲ್ಲೂ ಅವಳು ಕಡತದಕ್ಕ. ಯಾವ ಹಳೆಯ ಫೈಲು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ಹೊಸದಾಗಿ ಬಂದ ಸಾಹೇಬರು ಕಂಪ್ಯೂಟರಿನಿಂದ ಪಟ್ಟಿ ತೆಗೆಸಿದ್ದರು. ಮೂರು ತಿಂಗಳಲ್ಲಿ ಇಪ್ಪತ್ತೇಳರಲ್ಲಿ ಎತ್ತಿದ ಕರೆ ಸೊನ್ನೆ. ಯಾರಿಗೂ ಬೇಡದ ಕೋಣೆ ಯಾಕೆ, ಮುಚ್ಚಿಬಿಡಿ ಎಂದರು. ಕಡತದಕ್ಕನನ್ನು ಕೆಲಸದಿಂದ ಬಿಡಿಸುವ ಪತ್ರ ಮೇಜಿನ ಮೇಲಿತ್ತು, ಸಂಜೆ ಐದಕ್ಕೆ ಸಹಿ. ಐವತ್ತೈದು ದಾಟಿದ ಒಂಟಿ ಹೆಂಗಸಿಗೆ ಇನ್ನೆಲ್ಲಿ ಕೆಲಸ ಹುಟ್ಟಬೇಕು?

"ಫೋನೇ ಬರ್ತಿಲ್ಲ ಅಂತ ಹೇಳಿದ್ದೆನಲ್ಲ" ಎಂದಳು ಅವಳು. ಹೇಳಿದ್ದಳು, ನನಗೇ, ಎರಡು ಸಲ. ಎರಡು ಸಲವೂ ನಾನು ಬೋರ್ಡಿನಿಂದ ಇಪ್ಪತ್ತೇಳು ಒತ್ತಿದ್ದೆ, ಅಲ್ಲಿ ಚೆನ್ನಾಗಿ ರಿಂಗ್ ಆಗಿತ್ತು, ಅವಳು ಎತ್ತುವ ಮೊದಲೇ ಇಟ್ಟಿದ್ದೆ. "ಫೋನಿಗೇನೂ ಆಗಿಲ್ಲ ಅಕ್ಕ, ನೀನೇ ತೂಕಡಿಸ್ತೀಯ" ಎಂದು ರೇಗಿದ್ದೆ. ಆಮೇಲೆ ಅವಳು ಕೇಳಿರಲಿಲ್ಲ.

ಪತ್ರದ ಸುದ್ದಿ ಕೇಳಿ ಮೂರು ಗಂಟೆಗೆ ವೈರಣ್ಣ ಬಂದು ಅಳಿಯನನ್ನು ಕೂರಿಸಿದರು. ಟೋನು ಬಂತು. ಗೋಡೆಯ ಪೆಟ್ಟಿಗೆ ಬಿಚ್ಚಿ ತಂತಿ ಎಳೆದು ನೋಡಿದರು, ಗಟ್ಟಿಯಾಗಿತ್ತು. ನಾನು ಬೋರ್ಡಿನಿಂದ ಮಾಡಿದೆ, ಅಳಿಯ ಕಿರುಚಿಕೊಂಡ.

"ನೋಡಿದ್ರಾ? ನಾನು ಬಡ್ಕೊಂಡೆ" ಎಂದೆ.

"ನೀನು ಮಾಡಿದ್ರೆ ಆಗುತ್ತೆ. ಬೇರೆಯವರು ಮಾಡಿದ್ರೆ?" ಎಂದು ಅವರು ಫೋನು ಇಟ್ಟರು.

ಸ್ವಲ್ಪ ಹೊತ್ತಿಗೆ ನನ್ನ ಬೋರ್ಡು ರಿಂಗ್ ಆಯಿತು. "ಹಲೋ, ಬೋರ್ಡು" ಎಂದೆ. ಆ ಕಡೆ ವೈರಣ್ಣ, ಎರಡನೇ ಮಹಡಿಯಿಂದ.

"ನಾನು ನಿನಗೆ ಮಾಡ್ಲಿಲ್ಲ ತಾಯಿ. ಕಡತದಕ್ಕನಿಗೆ ಮಾಡಿದ್ದು."

ಆಗ ನೆನಪಾಯಿತು. ಮೂರು ತಿಂಗಳ ಹಿಂದೆ ಅವಳ ತಂಗಿಗೆ ಆಪರೇಷನ್ ಆದಾಗ ನಾಲ್ಕು ದಿನ ರಜೆ ಹಾಕಿದ್ದಳು. "ಹೋಗಿ ಬಾ, ನಾನು ನೋಡ್ಕೋತೀನಿ" ಎಂದು ಅವಳ ಕರೆಗಳನ್ನೆಲ್ಲ ನನ್ನ ಬೋರ್ಡಿಗೆ ತಿರುಗಿಸಿದವಳು ನಾನೇ. ಐದನೇ ದಿನ ಅವಳು ಬಂದಳು. ತಿರುಗಿಸಿದ್ದನ್ನು ಬಿಡಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ತಿರುಗಿಸಿದ ಕರೆ ಯಾರಿಗೆ ಹೋಗುತ್ತದೋ ಅವರೊಬ್ಬರು ಮಾಡಿದರೆ ಮಾತ್ರ ನೇರವಾಗಿ ತಲುಪುತ್ತದಂತೆ, ನಮ್ಮ ಯಂತ್ರದ ಗುಣವೇ ಅಂಥದ್ದಂತೆ. ಇಡೀ ಕಟ್ಟಡದಲ್ಲಿ ಆ ಫೋನು ರಿಂಗ್ ಆಗುತ್ತಿದ್ದದ್ದು ನನಗೊಬ್ಬಳಿಗೇ.

ಮೂರು ತಿಂಗಳು ಎಲ್ಲರೂ ಹಳೆಯ ಫೈಲಿನ ವಿಷಯ ನನ್ನನ್ನೇ ಕೇಳುತ್ತಿದ್ದರು, ನಾನು ಉಬ್ಬಿಹೋಗಿದ್ದೆ. ಇಡೀ ಆಫೀಸು ನನ್ನ ತಲೆ ಮೇಲೆ ನಿಂತಿದೆ ಎಂದು ಮನೆಯಲ್ಲಿ ಗಂಡನ ಮುಂದೆ ಜಂಬ ಬೇರೆ. ಗೊತ್ತಿದ್ದದ್ದಕ್ಕೆ ಉತ್ತರ ಕೊಡುತ್ತಿದ್ದೆ. ಗೊತ್ತಿಲ್ಲದ್ದಕ್ಕೆ "ಅದೆಲ್ಲ ಗೆದ್ದಲು ತಿಂದು ಹೋಯ್ತು" ಎಂದು ಸಾಗಹಾಕುತ್ತಿದ್ದೆ.

ವೈರಣ್ಣ ಎರಡು ಗುಂಡಿ ಒತ್ತಿ ಎಲ್ಲ ಸರಿಮಾಡಿ ಕೆಳಗೆ ಬಂದಾಗ ಗಂಟೆ ನಾಲ್ಕೂವರೆ.

"ಹಳೇ ಮೆಷಿನ್ನು, ತಾನಾಗೇ ಕೆಟ್ಟಿತ್ತು ಅಂತ ಸಾಹೇಬ್ರಿಗೆ ಹೇಳಿಬಿಡಿ ಅಣ್ಣ" ಎಂದು ಅಂಗಲಾಚಿದೆ.

"ಹೇಳೋಣ. ಫೋನು ಕೆಟ್ಟಿತ್ತು ಸರಿ, ಆದ್ರೆ ಆ ಕೋಣೆಗೆ ಯಾರು ಫೋನು ಮಾಡ್ತಿದ್ರು ಅಂತ ಕೇಳಿದ್ರೆ? ತಂತಿ ವಿಷಯ ನಾನು ಹೇಳ್ತೀನಮ್ಮ. ಕರೆ ಬಂದ ವಿಷಯ ಗೊತ್ತಿರೋದು ನಿನಗೊಬ್ಬಳಿಗೇ."

ಆ ಮನುಷ್ಯನ ಮೇಲೆ ಕೆಟ್ಟ ಸಿಟ್ಟು ಬಂತು. ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅವರು ಚೀಲದ ಬಾಯಿ ಕಟ್ಟುತ್ತಾ ಕೂತರು, ನನ್ನ ಮುಖ ನೋಡಲಿಲ್ಲ. ಐದಕ್ಕೆ ಹತ್ತು ನಿಮಿಷ ಇದ್ದಾಗ ನಾನೇ ಎದ್ದು ಮೆಟ್ಟಿಲು ಹತ್ತಿದೆ.

"ಸರ್, ಆ ಸೊನ್ನೆಗೆ ಕಾರಣ ನಾನು" ಎಂದೆ. "ದಿನಕ್ಕೆ ನಾಲ್ಕೈದು ಕರೆ ಬರ್ತಿತ್ತು. ಎಲ್ಲಾ ನಾನೇ ಎತ್ತಿದ್ದೀನಿ." ಗೆದ್ದಲಿನ ವಿಷಯವನ್ನೂ ಹೇಳಿದೆ.

ಸಾಹೇಬರು ಪೆನ್ನು ಕೆಳಗಿಟ್ಟು ಇಪ್ಪತ್ತೇಳು ಒತ್ತಿದರು. ಒಂದೇ ರಿಂಗಿಗೆ "ಕಡತ ಕೋಣೆ" ಎಂಬ ದನಿ ಬಂತು. ಅವರು ಕಟ್ಟಡದ ಹಳೆಯ ಕರಾರು ಪತ್ರ ಕೇಳಿದರು.

"ನಾಲ್ಕನೇ ಕಪಾಟು, ಎರಡನೇ ಸಾಲು. ಈಗಲೇ ತರ್ತೀನಿ ಸರ್."

ಸಾಹೇಬರು ನನ್ನತ್ತ ತಿರುಗಿದರು. "ಹದಿನೈದು ದಿನದ ಹಿಂದೆ ಇದನ್ನೇ ಕೇಳಿದ್ದೆ. ಗೆದ್ದಲು ತಿಂದಿದೆ ಅಂದ್ರು. ಆ ಕೋಣೆ ಮುಚ್ಚಿಸೋಣ ಅಂತ ಅವತ್ತೇ ತೀರ್ಮಾನ ಮಾಡಿದ್ದು." ಪತ್ರವನ್ನು ಹರಿದು ಬುಟ್ಟಿಗೆ ಹಾಕಿದರು. ನನಗೆ ಬೇರೊಂದು ಪತ್ರ ಬರುತ್ತದೆ ಎಂದರು. ಬರಲಿ ಎಂದುಕೊಂಡೆ.

ಮೆಟ್ಟಿಲಲ್ಲಿ ಕಡತದಕ್ಕ ಎದುರಾದಳು, ಫೈಲನ್ನು ಎದೆಗೊತ್ತಿಕೊಂಡು. ವೈರಣ್ಣ ಕೆಳಗೆ ಇಳಿಯುವ ಮೊದಲೇ ಅವಳಿಗೆ ಎಲ್ಲ ಹೇಳಿದ್ದರು.

"ತಪ್ಪಾಯ್ತು ಅಕ್ಕ" ಎಂದೆ.

"ತೂಕಡಿಸ್ತೀಯ ಅಂದೆಯಲ್ಲ, ನಾನು ನಂಬಿಬಿಟ್ಟಿದ್ದೆ ಕಣೇ" ಎಂದಳು. "ಹೊಟ್ಟೆ ತುಂಬಿದ್ರೆ ನಿದ್ದೆ ಬರುತ್ತೇನೋ ಅಂತ ಇಷ್ಟು ದಿನ ಮಧ್ಯಾಹ್ನದ ಊಟಾನೇ ಬಿಟ್ಟಿದ್ದೆ."

ನಾನು ಮೆಟ್ಟಿಲಿಗೆ ಅಡ್ಡವಾಗಿ ನಿಂತೇ ಇದ್ದೆ. "ದಾರಿ ಬಿಡು, ಸಾಹೇಬ್ರು ಕಾಯ್ತಿದ್ದಾರೆ" ಎಂದು ಅವಳು ನನ್ನ ಪಕ್ಕದಿಂದ ಹತ್ತಿ ಹೋದಳು.