ನೀರು ಕುಡಿಯುವ ದಾರ

ಟೇಕಲ್ ಬೆಟ್ಟದ ಕೆಳಗಿದ್ದ ಎಲ್ಲಪ್ಪನ ಮನೆಯಲ್ಲಿ ರೇಷ್ಮೆಹುಳುಗಳಿಗಿದ್ದಷ್ಟು ಜಾಗ ಮನುಷ್ಯರಿಗಿರಲಿಲ್ಲ. ಹುಳು ದೊಡ್ಡದಾಯಿತೆಂದರೆ ನಡುಮನೆಯೂ ಅವಕ್ಕೇ ಮೀಸಲು. ಎಲ್ಲಪ್ಪ, ಅವನ ಹೆಂಡತಿ ಆಂಜಿನಮ್ಮ, ಮಗ ಕದಿರೇಶ, ಮಗಳು ಮುನಿಲಕ್ಷ್ಮಿ ಎಲ್ಲರೂ ಜಗಲಿಗೆ ಬಂದು ಮಲಗುತ್ತಿದ್ದರು. ತೊಂಬತ್ತರ ದಶಕದ ಆ ದಿನಗಳಲ್ಲಿ ಶಾಲೆಗೆ ಹೊರಡುವ ಮುಂಚೆ ಮುನಿಲಕ್ಷ್ಮಿ ಗೋಡೆಗೆ ತೂಗುಹಾಕಿದ ಜೋಡಿ ಉಷ್ಣಮಾಪಕ ನೋಡಿ ಅಪ್ಪನಿಗೆ ಹೇಳಬೇಕಿತ್ತು. ಒಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿತ್ತು, ಇನ್ನೊಂದು ಒಣ. ಎರಡರಲ್ಲೂ ಪಾದರಸ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದರೆ ಗಾಳಿ ತೇವವಾಗಿದೆ ಎಂದರ್ಥ. ಅಂಥ ದಿನ ಎಲ್ಲಪ್ಪ ತೇವ ಹೀರಲೆಂದು ಹುಳುವಿನ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದ.

ಮುಂದೆ ಅವಳು ಕೋಲಾರದಲ್ಲಿ ಡಿಪ್ಲೊಮಾ ಓದಿದಳು. ಮಾಲೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬಗ್ಗುವ ಪ್ಲಾಸ್ಟಿಕ್ಕಿನ ಹರಳುಗಳನ್ನು ಕರಗಿಸಿ ಗಾಳಿ ಹಾಯಿಸುವ ಕೊಳವೆ ತಯಾರಿಸುವ ಜಾಗ ಅದು. ಮಾಲೀಕ ವಂಶಿಕೃಷ್ಣ ಮುಳಬಾಗಿಲಿನವರು, ಇಂಜಿನಿಯರು, ಹೊಸದೇನಾದರೂ ಮಾಡದಿದ್ದರೆ ಸಮಾಧಾನವಿಲ್ಲದ ಮನುಷ್ಯ. ಎರಡು ಸಾವಿರದ ಎಂಟರ ಹೊತ್ತಿಗೆ ಅವರು ಕಾರ್ಖಾನೆಯ ಮೂಲೆಯೊಂದರಲ್ಲಿ ತಾವೇ ಒಂದು ಯಂತ್ರ ಜೋಡಿಸಿದ್ದರು. ಪ್ಲಾಸ್ಟಿಕ್ಕಿನ ದಾರವನ್ನು ಅದು ಸಣ್ಣ ಮೂತಿಯೊಳಗೆ ಕರಗಿಸಿ, ಪದರದ ಮೇಲೆ ಪದರ ಹಾಕುತ್ತಾ ವಸ್ತುವನ್ನು ಎಬ್ಬಿಸುತ್ತಿತ್ತು. ಅಚ್ಚು ಬೇಕಿರಲಿಲ್ಲ. ದಾರವನ್ನು ತಮ್ಮದೇ ಹರಳುಗಳಿಂದ ಎಳೆಯುತ್ತಿದ್ದರು.

ಅಷ್ಟರಲ್ಲಿ ಕದಿರೇಶನ ಎಡಪಾದದ ಮುಂಭಾಗ ಹೋಗಿ ವರ್ಷ ದಾಟಿತ್ತು. ಹೆಂಚಿನ ಕಾರ್ಖಾನೆಯೊಂದರಲ್ಲಿ ಮಣ್ಣು ಕಲಸುವ ಯಂತ್ರಕ್ಕೆ ಪಾದ ಸಿಕ್ಕಿತ್ತು. ಗಾಯ ಮಾಯ್ದರೂ ಬೂಟಿನ ಖಾಲಿ ತುದಿಗೆ ತುರುಕಿದ ಬಟ್ಟೆ ಮುದ್ದೆಯಾಗಿ ಒತ್ತಿ ಹುಣ್ಣಾಗುತ್ತಿತ್ತು. ಕೊನೆಗೆ ಅವನು ಹೊರಗೆ ಹೋಗುವುದನ್ನೇ ಬಿಟ್ಟು, ಪಂಚೆಯನ್ನು ಪಾದ ಮುಚ್ಚುವಂತೆ ಇಳಿಬಿಟ್ಟು ಜಗಲಿಯಲ್ಲಿ ಕೂರತೊಡಗಿದ.

ಬೆರಳಿಲ್ಲದ ಜಾಗ ತುಂಬುವಂಥ ಮೆತ್ತನೆಯ ತುಂಡೊಂದನ್ನು ಯಂತ್ರದಲ್ಲಿ ಮಾಡಬಹುದೇ ಎಂದು ಮುನಿಲಕ್ಷ್ಮಿ ಅಳುಕುತ್ತಲೇ ಕೇಳಿದಳು. ವಂಶಿಕೃಷ್ಣ ಒಪ್ಪಿದರು. ಬೇಸಿಗೆಯಲ್ಲಿ ಮಾಡಿದ ಆ ತುಂಡು ರೇಷ್ಮೆಗೂಡಿನಷ್ಟು ನಯವಾಗಿ ಬಂತು. ಕದಿರೇಶ ಅದನ್ನು ಬೂಟಿನೊಳಗಿಟ್ಟು, ಯಾರಿಗೂ ಹೇಳದೆ ಟೇಕಲ್ ಸ್ಟೇಷನ್ನಿನವರೆಗೆ ನಡೆದು, ಅಲ್ಲಿ ಟೀ ಕುಡಿದು ಬಂದ. ಆಂಜಿನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಅವನು ಸುತ್ತಾಡಿ ಸುತ್ತಾಡಿ ಆ ತುಂಡು ಮಳೆಗಾಲದ ಹೊತ್ತಿಗೆ ಸವೆಯಿತು. ಇನ್ನೊಂದು ಮಾಡಲು ಕೂತಾಗ ಯಂತ್ರದ ಮೂತಿಯಲ್ಲಿ ಚಟಚಟ ಸದ್ದು. ಜೊಲ್ಲಿನಂತೆ ಎಳೆಗಳು ಜೋತುಬಿದ್ದವು, ಮೈಯೆಲ್ಲ ಸಣ್ಣ ಗುಳ್ಳೆ. ಆದರೂ ಆಕಾರ ಸರಿಯಿತ್ತಲ್ಲ ಎಂದು ಮುನಿಲಕ್ಷ್ಮಿ ಅದನ್ನೇ ಕೊಟ್ಟಳು. ವಾರ ಕಳೆಯುವುದರೊಳಗೆ ಕದಿರೇಶ ಮಾಲೂರು ಬಸ್ಸಿನಿಂದ ಇಳಿಯುವಾಗ ಬೂಟಿನೊಳಗೆ ಅದು ಪದರ ಪದರವಾಗಿ ಬಿಟ್ಟುಕೊಂಡಿತು. ಅವನು ಜನರೆದುರು ಮುಗ್ಗರಿಸಿ ಬಿದ್ದ. ಮನೆಗೆ ಬಂದು ಬೂಟನ್ನು ಅಟ್ಟಕ್ಕೆ ಎಸೆದ.

"ಬಿಡಮ್ಮ ಲಕ್ಷ್ಮಿ," ಎಂದ ಮೆಲ್ಲಗೆ. "ಒಂದ್ಸಲ ನಡೆದ್ನಲ್ಲ, ಅಷ್ಟು ಸಾಕು."

ಅವನು ಬೈದಿದ್ದರೆ ಅವಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಅವಳೂ ವಂಶಿಕೃಷ್ಣರೂ ಸೇರಿ ಬಿಸಿ ಇಳಿಸಿ ನೋಡಿದರು, ಏರಿಸಿ ನೋಡಿದರು, ಮೂತಿ ಬದಲಾಯಿಸಿದರು. ತೇವ ಇರಬಹುದೇ ಎಂಬ ಮಾತು ಬಂದರೂ ನಿಲ್ಲಲಿಲ್ಲ. ಹರಳುಗಳನ್ನು ಮೊದಲು ಒಣಗಿಸಿಯೇ ಕರಗಿಸುವುದು ಅಲ್ಲಿನ ಪದ್ಧತಿಯಾಗಿತ್ತು.

ಒಂದು ಬೆಳಿಗ್ಗೆ ಹುಳುಮನೆಗೆ ಸೊಪ್ಪು ಇಡಲು ಹೋದಾಗ ಜೋಡಿ ಉಷ್ಣಮಾಪಕದತ್ತ ಅವಳ ಕಣ್ಣು ಹೋಯಿತು. ಎರಡೂ ಒಂದೇ ಮಟ್ಟದಲ್ಲಿದ್ದವು. ಹರಳು ಒಣಗಿದ್ದೇನೋ ನಿಜ. ಆದರೆ ದಾರ? ಎಳೆದು ಸುತ್ತಿಟ್ಟ ಮೇಲೆ ಅದು ಇದೇ ಗಾಳಿಯಲ್ಲಿ ಎಷ್ಟೋ ದಿನದಿಂದ ಬಿದ್ದಿತ್ತು.

ಕಾರ್ಖಾನೆಗೆ ಹೋದವಳೇ ಅದನ್ನು ಹೇಳಿದಳು. ವಂಶಿಕೃಷ್ಣ ದಾರದ ತುದಿಯನ್ನು ಬೆರಳಲ್ಲಿ ಹೊಸೆದು ನೋಡಿದರು. "ಒಣಗಿಸ್ದಾಗ ನೀರು ಹೋಯ್ತು, ಇನ್ನೇನೂ ತೊಂದ್ರೆ ಇಲ್ಲ ಅಂದ್ಕೊಂಡ್ಬಿಟ್ವಿ," ಎಂದರು. "ಅದು ಮತ್ತೆ ಕುಡಿಯುತ್ತೆ ಅಂತ ಇಬ್ರಿಗೂ ಹೊಳೀಲಿಲ್ಲ."

ಆತುರಪಟ್ಟು ಮುನಿಲಕ್ಷ್ಮಿ ದಾರವನ್ನು ಒಣಗಿಸಲು ಜಾಸ್ತಿ ಬಿಸಿಗೆ ಇಟ್ಟಳು. ಇಡೀ ಸುರುಳಿ ಅಂಟಿಕೊಂಡು ಬೆಲ್ಲದ ಅಚ್ಚಿನಂತಾಯಿತು. ಮತ್ತೆ ಹೊಸ ದಾರ ಎಳೆದು, ಮಂದ ಬಿಸಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಣಗಿಸಿದರು. ತೇವ ಹೀರುವ ಹರಳು ಹಾಕಿದ ಮುಚ್ಚಿದ ಡಬ್ಬಿಯಲ್ಲಿಟ್ಟು, ಸಣ್ಣ ತೂತಿನಿಂದ ನೇರ ಯಂತ್ರಕ್ಕೆ ಬಿಟ್ಟರು. ಹೊರಗೆ ಮಳೆ ಹೊಯ್ಯುತ್ತಿತ್ತು. ಮೂತಿಯಲ್ಲಿ ಸದ್ದೇ ಇರಲಿಲ್ಲ.

ಬಿಟ್ಟುಕೊಂಡ ಹಳೆಯ ತುಂಡನ್ನು ಕರಗಿಸಿ ಮತ್ತೆ ಬಳಸಬಹುದೇ ಎಂದು ಅವಳು ಕೇಳಿದಳು. ಆಗುವುದಿಲ್ಲವೆಂದು ವಂಶಿಕೃಷ್ಣ ವಿವರಿಸಿದರು. ಒದ್ದೆಯಾದ ದಾರವನ್ನು ಕರಗಿಸುವ ಮುಂಚೆ ಒಣಗಿಸಿದರೆ ಅದು ಮೊದಲಿನಂತೆಯೇ ಇರುತ್ತದೆ. ನೀರಿನ ಸಮೇತ ಕರಗಿಸಿದರೆ ಮಾತ್ರ ಒಳಗಿನ ಉದ್ದುದ್ದ ಸರಪಳಿಗಳು ತುಂಡಾಗುತ್ತವೆ, ಆಮೇಲೆ ಎಷ್ಟು ಒಣಗಿಸಿದರೂ ಕೂಡುವುದಿಲ್ಲ. ಅವಳು ಆ ಮಾತನ್ನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ನೋವು ಆರುವ ಮುಂಚೆ ಅಣ್ಣನನ್ನು ಒತ್ತಾಯಿಸಬಾರದು ಎನಿಸಿದ್ದು ಆಗಲೇ ಇರಬೇಕು. ಬೂಟನ್ನು ಅಟ್ಟದಿಂದ ಇಳಿಸಿ ಒರೆಸಿ, ಹೊಸ ತುಂಡಿನ ಜೊತೆ ಜಗಲಿಯಲ್ಲಿಟ್ಟಳು.

ಎಷ್ಟೋ ದಿನ ಅವು ಜಗಲಿಯಲ್ಲೇ ಇದ್ದವು. ಆಂಜಿನಮ್ಮ ಕಸ ಗುಡಿಸುವಾಗ ಎತ್ತಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಒಂದು ಸಂಜೆ ಮುನಿಲಕ್ಷ್ಮಿ ಕೆಲಸದಿಂದ ಬಂದಾಗ ಆ ಜಾಗ ಖಾಲಿಯಿತ್ತು. ದೀಪ ಹಚ್ಚುವ ಹೊತ್ತಿಗೆ ಕದಿರೇಶ ಕೆಸರು ಮೆತ್ತಿದ ಬೂಟಿನಲ್ಲಿ ಹಿಪ್ಪುನೇರಳೆ ತೋಟದ ಕಡೆಯಿಂದ ಬಂದ.

ಮುಂದಿನ ಬೇಸಿಗೆಯಲ್ಲಿ ಅವನೇ ಹೆಂಚಿನ ಕಾರ್ಖಾನೆಯ ಹಳೆಯ ಜೊತೆಗಾರ ಗಂಗುಲಪ್ಪನನ್ನು ಮಾಲೂರಿಗೆ ಕರೆತಂದ. ಗಂಗುಲಪ್ಪನಿಗೂ ಪಾದದ ತುದಿಯಿರಲಿಲ್ಲ. ಎಲ್ಲಿ ಒತ್ತುತ್ತದೆ, ಎಲ್ಲಿ ಉಜ್ಜುತ್ತದೆ ಎಂಬುದನ್ನು ಕದಿರೇಶ ತಾನೇ ತಂಗಿಗೆ ವಿವರಿಸಿದ. ಗಂಗುಲಪ್ಪ ಮಾತ್ರ ಅನುಮಾನದಿಂದ, "ಮಳೇಲಿ ನೆನೆದ್ರೆ ಏನಾಗ್ತದಮ್ಮ?" ಎಂದು ಕೇಳಿದ.

"ನೆನೆದ್ರೆ ಸ್ವಲ್ಪ ಮೆತ್ತಗಾಗ್ತದೆ, ಒಣಗಿದ್ರೆ ಸರಿಹೋಗ್ತದೆ," ಎಂದಳು ಮುನಿಲಕ್ಷ್ಮಿ. "ಕಾಲು ಈಕಡೆ ಚಾಚಿ."