ಕಂಬದ ಪಕ್ಕದ ಜಾಗ

ನನ್ನ ಬ್ಲಾಗನ್ನು ನಾನೇ ಜೆರಾಕ್ಸ್ ಮಾಡಿ, ನಾನೇ ಪಿನ್ ಹೊಡೆದು, ನನ್ನನ್ನು ಹಾಳು ಮಾಡಲು ಬಂದವನ ಕೈಗೆ ಕೊಟ್ಟಿದ್ದೇನೆ. ಇಪ್ಪತ್ತೈದು ಸೆಟ್. ಪುಟಗಳ ಅಂಚು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಮೇಜಿಗೆ ತಟ್ಟಿ ನೋಡಿ ಕೊಟ್ಟೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ನಂಬಿದವರು ನಗುತ್ತಾರೆ. ನಗಲಿ. ಮಾಡಿದ ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು.

ಎರಡು ಸಾವಿರದ ಆರರ ಸುಮಾರಿಗೆ ಕೊಪ್ಪದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇತ್ತು. ಸೀತೂರಿನ ಗಂಡನ ಮನೆಯಿಂದ ಮಗಳನ್ನು ಕರೆದುಕೊಂಡು ಬಂದು ಮೂರು ವರ್ಷವಾಗಿತ್ತು. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಆದ್ದರಿಂದ ಬಿಟ್ಟು ಬರಲು ನನಗೆ ಕಾರಣವೇ ಇರಲಿಲ್ಲ ಎಂದು ಊರಿನವರೆಲ್ಲ ಸೇರಿ ತೀರ್ಮಾನಿಸಿದ್ದರು. ಕಾರಣ ಇತ್ತು. ನಾನು ಹೆಂಗಸರನ್ನು ಪ್ರೀತಿಸುವ ಹೆಂಗಸು. ಅದನ್ನು ಯಾರ ಮುಂದೆ ಹೇಳುವುದು? ಹೇಳದೆ ಬಂದೆ, ಕೊಬ್ಬಿನವಳು ಅನ್ನಿಸಿಕೊಂಡೆ. ಕೋರ್ಟು ಗೀರ್ಟು ಏನೂ ಆಗಲಿಲ್ಲ. ಎರಡೂ ಕಡೆಯ ಹಿರಿಯರು ಕೂತು, ಕೂಸು ಸದ್ಯಕ್ಕೆ ತಾಯಿಯ ಹತ್ತಿರ ಇರಲಿ ಎಂದರು. ಆ 'ಸದ್ಯಕ್ಕೆ'ಯ ಮೇಲೆ ನಮ್ಮಿಬ್ಬರ ಸಂಸಾರ ನಡೆಯುತ್ತಿತ್ತು.

ನನ್ನದು ಚಿಕ್ಕಂದಿನಿಂದಲೂ ಒಂದು ತರಹ. ಕೇಳಿದ ಮಾತು ಅಕ್ಷರ ಬಿಡದೆ ನೆನಪಿರುತ್ತದೆ, ಹೇಳಿದವರ ಮುಖ ಏನನ್ನುತ್ತಿತ್ತು ಎನ್ನುವುದು ತಿಳಿಯುವುದಿಲ್ಲ. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತೇನೆ. ಯಾರಾದರೂ ಹೇಳದೆ ಮೈ ಮುಟ್ಟಿದರೆ ಜೀವ ಹೋದ ಹಾಗಾಗುತ್ತದೆ. ಮಾತಾಡುವಾಗ ಎದುರಿನವರ ಕಣ್ಣು ನೋಡಲಾರೆ, ಸುಳ್ಳು ಹೇಳಲು ಹೋದರೆ ಬಾಯಿ ಕಟ್ಟುತ್ತದೆ. ಮನೆಯಲ್ಲಿ ಇದಕ್ಕೆ ಸೊಕ್ಕು ಎನ್ನುತ್ತಿದ್ದರು. ಮಗಳೂ ನನ್ನ ಅಚ್ಚೇ. ಶಾಲೆಯವರು ಹೇಳಿದರೆಂದು ಅವಳನ್ನು ಶಿವಮೊಗ್ಗದ ವೈದ್ಯರಿಗೆ ತೋರಿಸಿದೆ. ಅವರು ಚೀಟಿಯಲ್ಲಿ ಆಟಿಸಂ ಎಂದು ಬರೆದು, ಅದು ಏನೇನು ಎಂದು ವಿವರಿಸುತ್ತಾ ಹೋದರು. ನಾನು ಕೂತಲ್ಲೇ ನನ್ನ ಮೂವತ್ತೈದು ವರ್ಷವನ್ನು ಕೇಳಿಸಿಕೊಂಡೆ. ತಿರುಗಿ ಬರುವಾಗ ಬಸ್ಸಿನಲ್ಲಿ ಮಗಳಿಗೆ ಹೇಳಿದೆ, ನಾವಿಬ್ಬರೂ ಒಂದೇ ಜಾತಿ, ಹೆದರಬೇಡ. ಕಂಡದ್ದನ್ನು ಕಂಡ ಹಾಗೆ ಹೇಳು, ಅಷ್ಟು ಸಾಕು.

ನನ್ನ ಹುಚ್ಚು ಒಂದೇ, ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಪಂಚೆ ಶಲ್ಯದ ಅರ್ಥಧಾರಿಗಳು ಕೂತಲ್ಲೇ ರಾಜನಾಗಿ, ರಾಣಿಯಾಗಿ ಬಾಯಿಗೆ ಬಂದ ಹಾಗೆ ವಾದ ಹೂಡುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಬರೀ ಮಾತಿನಿಂದಲೇ ನಡೆಯುವ ಆಟ, ಯಾರ ಮುಖವನ್ನೂ ಓದಬೇಕಾಗಿಲ್ಲ, ನನ್ನಂಥವಳಿಗೆ ಇನ್ನೇನು ಬೇಕು? ಶೃಂಗೇರಿ, ಜಯಪುರ, ಎನ್.ಆರ್.ಪುರ, ಎಲ್ಲಿ ಇದ್ದರೂ ಭಾನುವಾರ ಮಧ್ಯಾಹ್ನ ಮಗಳ ಜೊತೆ ಹೊರಡುತ್ತಿದ್ದೆ. ಚೆಂಡೆ ಬಾರಿಸುವಾಗ ಅವಳ ಕಿವಿಗೆ ಹತ್ತಿ. ಹೆಂಗಸರ ಸಾಲಿನಲ್ಲಿ ಕಂಬ ಇದ್ದರೆ ಅದರ ಪಕ್ಕದ ಜಾಗವೇ ನನಗೆ ಬೇಕು, ಒಂದು ಬದಿಯಿಂದಾದರೂ ಯಾರೂ ತಾಗುವುದಿಲ್ಲ. ತೊಡೆಯ ಮೇಲೆ ಟೇಪ್ ರೆಕಾರ್ಡರ್. ಸಂಘಟಕರಿಗೆಲ್ಲ ನಾನು 'ಟೇಪಿನ ಅಕ್ಕ'.

ಇನ್ನೊಂದು ಬದಿಯಲ್ಲಿ ಅವಳು ಕೂರುತ್ತಿದ್ದಳು. ಎನ್.ಆರ್.ಪುರದ ಕಡೆ ಶಾಲೆಯಲ್ಲಿ ಟೀಚರ್, ಮದುವೆಯಾಗದವಳು, ನನ್ನ ಹಾಗೆಯೇ ತಾಳಮದ್ದಳೆಯ ಹುಚ್ಚಿನವಳು. ಮೊದಲು ಕ್ಯಾಸೆಟ್ ಬದಲಾಯಿಸಿಕೊಂಡೆವು. ಆಮೇಲೆ ತಿಂಗಳಲ್ಲಿ ಎರಡು ಶನಿವಾರ ಅವಳು ಕೊಪ್ಪಕ್ಕೆ ಬರತೊಡಗಿದಳು. ಒಂದು ದಿನ ಕ್ಯಾಸೆಟ್ ಮಗುಚಿ ಹಾಕುವಾಗ ಅವಳ ಕೈ ನನ್ನ ಕೈಗೆ ತಾಗಿತು, ನನಗೆ ಏನೂ ಆಗಲಿಲ್ಲ. ಹಾಗೆಯೇ ಹಿಡಿದುಕೊಂಡು ಕೂತೆ. ನನ್ನ ಪ್ರೀತಿಯ ಕಥೆ ಇಷ್ಟೇ, ಇದಕ್ಕಿಂತ ದೊಡ್ಡದು ನನಗೆ ಯಾವತ್ತೂ ಬೇಕಾಗಿರಲಿಲ್ಲ.

ಬ್ಲಾಗ್ ಶುರು ಮಾಡಿದ್ದು ಅಂಗಡಿಯಲ್ಲಿ, ಮಧ್ಯಾಹ್ನ ಒಂದು ಬಸ್ಸು ಹೋಗಿ ಇನ್ನೊಂದು ಬರುವವರೆಗಿನ ಬಿಡುವಿನಲ್ಲಿ. ಹೆಸರು ಹಾಕಲಿಲ್ಲ. ಕೇಳಿದ ತಾಳಮದ್ದಳೆಗಳ ಬಗ್ಗೆ ಬರೆದೆ, ಯಾರು ಯಾವ ಪದಕ್ಕೆ ಯಾವ ಅರ್ಥ ಹೇಳಿದರು ಎನ್ನುವುದೆಲ್ಲ. ಅಭಿಮಾನಿಗಳು ಹುಡುಕಿಕೊಂಡು ಬಂದರು. ಬೆಂಗಳೂರು, ಮುಂಬೈ, ಎಲ್ಲೆಲ್ಲಿಂದಲೋ. ಆಮೇಲೆ ಬೇರೆಯದೂ ಬರೆಯತೊಡಗಿದೆ. ಹೆಂಗಸರು ಅರ್ಥ ಹೇಳಲು ಕೂತರೆ ಮೊದಲ ಸಾಲಿನ ಗಂಡಸರು ಕಾಫಿಗೆ ಏಳುವುದು. ಮದ್ದಳೆಯವನ ಕೈಯ ನುಡಿಕೆಗೆ ತಲೆದೂಗುವವರು ಊಟಕ್ಕೆ ಮಾತ್ರ ಅವನಿಗೆ ಹೊರಗಿನ ಜಗಲಿಯಲ್ಲಿ ಎಲೆ ಹಾಕುವುದು. ನನ್ನ ಮತ್ತು ಮಗಳ ಆಟಿಸಂ. ಕೊನೆಗೆ, 'ನನ್ನ ಪಕ್ಕ ಕೂರುವವಳು'. ಅವಳ ಹೆಸರಿಲ್ಲ, ಊರಿಲ್ಲ, ಆದರೆ ಪ್ರೀತಿ ಇತ್ತು, ಮುಚ್ಚಿಡದೆ ಬರೆದಿದ್ದೆ. ಹೆಸರಿಲ್ಲದಿದ್ದರೆ ಸಾಕು, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಬುದ್ಧಿವಂತೆ!

ಒಂದು ಭಾನುವಾರ ಜಯಪುರದಲ್ಲಿ ತಾಳಮದ್ದಳೆ ಇತ್ತು. ಹೆಣ್ಣೊಬ್ಬಳು ಗಂಡಾಗಿ ಬದಲಾಗಿ ಬರುವ ಪ್ರಸಂಗ. ರಾಜನ ಅರ್ಥ ಹೇಳುತ್ತಿದ್ದವರು ದೊಡ್ಡ ಹೆಸರಿನವರು, ಅವರ ಹದಿನಾರು ಕ್ಯಾಸೆಟ್ ನನ್ನ ಹತ್ತಿರ ಇದ್ದವು. ಅವತ್ತು ಅವರಿಗೆ ಏನು ಹುಕಿ ಬಂತೋ, ವಾದ ಬಿಟ್ಟು ಹಾಸ್ಯಕ್ಕಿಳಿದರು. ಅತ್ತ ಗಂಡೂ ಅಲ್ಲ, ಇತ್ತ ಹೆಣ್ಣೂ ಅಲ್ಲ, ನಿನ್ನನ್ನು ಯಾವ ಸಾಲಿನಲ್ಲಿ ಕೂರಿಸಲಿ, ಊಟಕ್ಕೆ ಎಲ್ಲಿ ಎಲೆ ಹಾಕಿಸಲಿ, ಹೀಗೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಪಕ್ಕಕ್ಕೆ ತಿರುಗಿದೆ. ಅವಳೂ ನಗುತ್ತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಕುಣಿಸಿಕೊಂಡು. ಬರುವಾಗ ದಾರಿಯಲ್ಲಿ ಕೇಳಿದೆ.

"ಎಲ್ರೂ ನಗ್ತಿದ್ರಲ್ಲ ಮಾರಾಯ್ತಿ, ನಾನೊಬ್ಳೇ ಸುಮ್ನೆ ಕೂತ್ರೆ ಚೆನ್ನಾಗಿರತ್ತಾ?" ಎಂದಳು.

ನನಗೆ ಅದು ಅರ್ಥವಾಗಲಿಲ್ಲ. ಸಿಟ್ಟು ಬಂತು, ಮರುದಿನ ಬರೆದೆ. ಆ ಹಾಸ್ಯ ಮೂರು ನಿಮಿಷ ನಲವತ್ತು ಸೆಕೆಂಡು ನಡೆಯಿತು, ಎರಡನೇ ಕ್ಯಾಸೆಟ್ಟಿನ ಬಿ ಬದಿಯಲ್ಲಿದೆ ಎಂದು ಬರೆದೆ. ಒಂದೊಂದು ಮಾತನ್ನೂ ಇದ್ದ ಹಾಗೆ ಇಳಿಸಿದೆ. ನಾನು ಕೂತದ್ದು ಎಡಗಡೆ ಎರಡನೇ ಸಾಲು, ತಿರುಗದ ಫ್ಯಾನಿನ ಕೆಳಗಿನ ಕಂಬದ ಪಕ್ಕ, ಊಟದ ಹೊತ್ತಿಗೆ ಅಲ್ಲಿಂದ ಜಗಲಿಯಲ್ಲಿ ಒಬ್ಬನೇ ಉಣ್ಣುತ್ತಿದ್ದ ಮದ್ದಳೆಯವನು ಕಾಣುತ್ತಿದ್ದ ಎಂದು ಬರೆದೆ. 'ನನ್ನ ಪಕ್ಕ ಕೂರುವವಳೂ ನಕ್ಕಳು' ಎಂದೂ ಬರೆದೆ. ಇವನ್ನೆಲ್ಲ ಬಿಟ್ಟು ಬರೆಯಬಹುದಿತ್ತು. ಬೇರೆ ಯಾರಾದರೂ ಬಿಡುತ್ತಿದ್ದರು. ಕಂಡದ್ದನ್ನು ಬಿಡುವುದೂ ಸುಳ್ಳೇ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಸಭೆಯಲ್ಲಿ ಆ ಕಂಬದ ಪಕ್ಕ ಕೂತವಳು ಯಾರು ಎಂದು ಜಯಪುರದಲ್ಲಿ ಸಣ್ಣ ಮಕ್ಕಳನ್ನು ಕೇಳಿದರೂ ಹೇಳುತ್ತಿದ್ದರು.

ವಾರ ಕಳೆದು ಒಬ್ಬ ಅಂಗಡಿಗೆ ಬಂದ. ತಾಳಮದ್ದಳೆ ನಡೆಸಿದವರ ಪೈಕಿ, ಮುಖ ಕಂಡು ಗೊತ್ತಿತ್ತು. ಕೈಯಲ್ಲಿ ಪ್ರಿಂಟ್ ತೆಗೆದ ಏಳು ಹಾಳೆ, ನನ್ನ ಬರಹ.

"ಇದು ಇಪ್ಪತ್ತೈದು ಸೆಟ್ ಬೇಕಿತ್ತು ಅಕ್ಕ."

"ಎರಡೂ ಬದಿ ಮಾಡ್ಲಾ?"

"ಒಂದೇ ಬದಿ ಮಾಡಿ. ವಯಸ್ಸಾದೋರು ಓದಬೇಕು."

ನನ್ನ ಗುರುತು ಇವನಿಗೆ ಹತ್ತಿಲ್ಲ ಎಂದೇ ನಾನು ತಿಳಿದೆ. ಬೇರೆಯವರ ಮನಸ್ಸಿನಲ್ಲಿ ಏನಿದೆ ಎಂದು ಅಂದಾಜು ಮಾಡುವ ವಿದ್ಯೆಯೇ ನನಗಿಲ್ಲವಲ್ಲ. ಮಾಡುತ್ತಾ ಹೋದೆ. ಮೂರನೇ ಹಾಳೆಯ ಅಕ್ಷರ ಮಾಸಿತ್ತು, ಹಾಗೆ ಕೊಡಲು ಮನಸ್ಸು ಬರಲಿಲ್ಲ.

"ಇದು ಸರಿ ಬಂದಿಲ್ಲ, ಹೊಸ ಪ್ರಿಂಟ್ ತೆಗೀಲಾ?" ಎಂದೆ.

"ನಿಮ್ಮ ಹತ್ರ ಇದ್ಯಾ?" ಎಂದ.

ಇದೆ ಎಂದೆ. ಕಂಪ್ಯೂಟರ್ ಮುಂದೆ ಕೂತು, ಯಾರನ್ನೂ ವಿಳಾಸ ಕೇಳದೆ, ಬ್ಲಾಗ್ ತೆರೆದು ಮೂರನೇ ಪುಟ ತೆಗೆದುಕೊಟ್ಟೆ. ಅವನು ಬೆನ್ನ ಹಿಂದೆ ನಿಂತಿದ್ದ. ಸೆಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು, "ಕೆಲಸ ಮಾತ್ರ ಚೆನ್ನಾಗಿ ಮಾಡ್ತೀರಿ ನೀವು," ಎಂದು ಹೋದ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಅಷ್ಟೆಲ್ಲ ಮಾಡುವಾಗಲೂ ಅವಳ ಕೈ ಒಂಚೂರು ನಡುಗಲಿಲ್ಲ, ಎಂಥ ನಾಚಿಕೆಗೆಟ್ಟವಳು ಎಂದು ಆಮೇಲೆ ಊರಲ್ಲೆಲ್ಲ ಹೇಳಿಕೊಂಡು ತಿರುಗಿದನಂತೆ.

ಇತ್ತ ಬ್ಲಾಗಿನಲ್ಲಿ ಜಗಳ ಹತ್ತಿಕೊಂಡಿತ್ತು. ಅರ್ಥಧಾರಿಯ ಅಭಿಮಾನಿಗಳು ಬಾಯಿಗೆ ಬಂದ ಹಾಗೆ ಬರೆದರು. ಅದಕ್ಕೆ ನಾನು ತಯಾರಿದ್ದೆ. ನನ್ನ ಪರ ನಿಂತವರೇ ಹೆಚ್ಚು ಸುಸ್ತು ಮಾಡಿದರು. ಎಂಥ ಧೈರ್ಯ ನಿಮ್ಮದು, ಹಿಂದೆ ಸರಿಯಬೇಡಿ, ನೀವು ನಮ್ಮೆಲ್ಲರ ದನಿ ಎಂದೆಲ್ಲ ಬರೆದರು. ಮಗಳನ್ನು ಕಿತ್ತುಕೊಳ್ಳುತ್ತಾರೆ ಎಂದು ಹೆದರಿಕೆಯಾಗುತ್ತಿದೆ ಎಂದು ಬರೆದೆ. ಕೋರ್ಟಿಗೆ ಹೋಗಿ ಎಂದರು. ಆಗ ಕಾನೂನಿಗೇ ನಮ್ಮಂಥವರು ಅಪರಾಧಿಗಳು. ಆ ಇಪ್ಪತ್ತೈದು ಸೆಟ್ಟಿನಲ್ಲಿ ಒಂದನ್ನು ಜಡ್ಜರ ಮುಂದೆ ಇಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಎಲ್ಲರೂ ಬೇರೆ ಚರ್ಚೆಗೆ ಹೋದರು.

ಸೀತೂರಿನಲ್ಲಿ ಮತ್ತೆ ಕೂತರು. ಗಂಡನ ಅಣ್ಣನಾದ ಭಾವ, ಅತ್ತೆ, ನನ್ನ ಅಣ್ಣ, ಇಬ್ಬರು ಹಿರಿಯರು. ಗಂಡ ಬಾಗಿಲ ಹತ್ತಿರ. ಎಲ್ಲರ ಕೈಯಲ್ಲೂ ಒಂದೊಂದು ಸೆಟ್, ಎಡ ಮೂಲೆಯಲ್ಲಿ ನಾನು ಹೊಡೆದ ಪಿನ್ನು. ಬರೆದದ್ದು ನೀನೇಯಾ ಎಂದು ಭಾವ ಕೇಳಿದರು. ಹೌದು ಎಂದೆ. ಅಣ್ಣ ತಲೆ ಚಚ್ಚಿಕೊಂಡ.

"ಅಲ್ಲ ಅನ್ನೇ ಮಾರಾಯ್ತಿ, ಒಂದು ಮಾತು ಅಲ್ಲ ಅಂದ್ರೆ ಇಲ್ಲಿಗೇ ಮುಗೀತದೆ," ಎಂದು ಎಲ್ಲರ ಎದುರೇ ಪಿಸುಗುಟ್ಟಿದ. ನನ್ನ ಬಾಯಿ ಏಳಲಿಲ್ಲ. ಈ ಪಕ್ಕ ಕೂರುವವಳು ನಿನಗೇನು ಎಂದು ಭಾವ ಕೇಳಿದರು. ಅದಕ್ಕೆ ಸುಮ್ಮನಿದ್ದೆ. ಸುಮ್ಮನಿರುವುದಷ್ಟೇ ನನ್ನಿಂದ ಸಾಧ್ಯವಿದ್ದದ್ದು. ಆಗ ಅತ್ತೆ ಮಗಳನ್ನು ಕರೆದರು. ಅವಳಿಗೆ ಆಗ ಹತ್ತು ವರ್ಷ.

"ಕೂಸೇ, ನಿಮ್ಮನೆಗೆ ಆ ಟೀಚರ್ ಬರ್ತಾರಾ?"

"ಬರ್ತಾರೆ. ಎರಡನೇ ಶನಿವಾರ, ನಾಲ್ಕನೇ ಶನಿವಾರ. ಹನ್ನೊಂದೂವರೆ ಬಸ್ಸಿಗೆ."

"ಬಂದು ಎಂತ ಮಾಡ್ತಾರೆ?"

"ಕ್ಯಾಸೆಟ್ ಕೇಳ್ತಾರೆ. ಅಮ್ಮ ಅವರ ಕೈ ಹಿಡ್ಕಂಡು ಕೂತಿರ್ತಾಳೆ." ಮಗಳು ಗೋಡೆ ನೋಡುತ್ತಾ ಹೇಳುತ್ತಿದ್ದಳು. "ಅಮ್ಮಂಗೆ ಯಾರು ಮುಟ್ಟಿದ್ರೂ ಆಗಲ್ಲ. ನಾನೂ ಹೇಳಿ ಮುಟ್ಬೇಕು. ಅವರು ಮುಟ್ಟಿದ್ರೆ ಮಾತ್ರ ಆಗತ್ತೆ."

ಗಂಡ ಎದ್ದು ಹೊರಗೆ ಹೋದ. ಎಂಟು ವರ್ಷ ನನ್ನ ಜೊತೆ ಬಾಳಿದವನು. ಆ ಮಾತು ಅವನಿಗೆ ಎಲ್ಲಿ ತಾಗಿತು ಎನ್ನುವುದು, ಮುಖ ಓದಲು ಬಾರದ ನನಗೂ ತಿಳಿಯಿತು. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಉಳಿದವರ ಮೇಲೆ ಇದೆ. ಮಗಳು ನನ್ನ ಕಡೆ ತಿರುಗಿ, "ಸರಿ ಹೇಳಿದ್ನಾ ಅಮ್ಮಾ?" ಎಂದಳು.

ಸರಿ ಹೇಳಿದೆ ಮಗಾ ಎಂದೆ. ಇನ್ನೇನು ಹೇಳಲಿ?

ಅವತ್ತು ಮಗಳನ್ನು ಅಲ್ಲೇ ಇಟ್ಟುಕೊಂಡರು. ನಾನು ಒಬ್ಬಳೇ ಬಸ್ಸು ಹತ್ತಿದೆ. ಮರುದಿನ ಬ್ಲಾಗ್ ಅಳಿಸಿದೆ, ಮಗಳನ್ನು ಕಳಿಸಬಹುದು ಎಂಬ ಆಸೆಯಿಂದ. ಕಳಿಸಲಿಲ್ಲ. ದೂರದ ಗೆಳೆಯರು ನನ್ನನ್ನು ಪುಕ್ಕಲಿ ಎಂದು ಬರೆದುಕೊಂಡರು ಎಂದು ಆಮೇಲೆ ತಿಳಿಯಿತು. ಟೀಚರ್ ವರ್ಗ ಕೇಳಿಕೊಂಡು ಬೇರೆ ಜಿಲ್ಲೆಗೆ ಹೋದಳು. ಹೋಗುವ ಮುಂಚೆ ಅಂಗಡಿಗೆ ಬಂದು, ನನ್ನ ಕ್ಯಾಸೆಟ್ಟುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಮೇಜಿನ ಮೇಲೆ ಇಟ್ಟಳು.

"ನಾನು ನಕ್ಕಿದ್ದನ್ನಾದ್ರೂ ಬಿಟ್ಟು ಬರೀಬಹುದಿತ್ತು," ಎಂದಳು. ಅಷ್ಟೇ. ಅವಳು ಹೇಳಿದ್ದು ಸರಿ.

ಆಮೇಲೆ ತಿಂಗಳಿಗೊಂದು ಭಾನುವಾರ ಸೀತೂರಿಗೆ ಹೋಗುತ್ತಿದ್ದೆ. ಒಳಗೆ ಕರೆಯುತ್ತಿರಲಿಲ್ಲ, ಜಗಲಿಯಲ್ಲಿ ಕೂತು ಮಾತಾಡಬಹುದಿತ್ತು. ಮದ್ದಳೆಯವನ ನೆನಪಾಗುತ್ತಿತ್ತು. ಮೊದಮೊದಲು ಮಗಳು ಹಿಂದಿನ ಹಾಗೆಯೇ ಅಂಗಳದ ಕಡೆ ನೋಡಿಕೊಂಡು ಎಲ್ಲ ಹೇಳುತ್ತಿದ್ದಳು. ಕಿವಿಗೆ ಹತ್ತಿ ಇಟ್ಟರೆ ದೊಡ್ಡಪ್ಪ ಕಿತ್ತು ಎಸೆಯುತ್ತಾರೆ, ಗೋಡೆ ನೋಡಿ ಮಾತಾಡಿದರೆ ಗಲ್ಲ ಹಿಡಿದು ತಿರುಗಿಸುತ್ತಾರೆ ಎಂದು. ನಾನು ಅತ್ತೆಯ ಹತ್ತಿರ ಗೋಗರೆದೆ. ಅವಳ ಒಳ್ಳೇದಕ್ಕೇ ಎಂದರು.

ಒಂದು ವರ್ಷವಾಗಿರಬೇಕು. ಅವತ್ತು ಹೋದಾಗ ಅವಳು ಜಡೆ ಹೆಣೆದುಕೊಂಡು ತಯಾರಾಗಿ ಕೂತಿದ್ದಳು. ಹೇಗಿದ್ದೀ, ಇಲ್ಲಿ ಕಷ್ಟ ಆಗ್ತದಾ ಎಂದು ಕೇಳಿದೆ. ಅವಳು ತಿರುಗಿ ಸೀದಾ ನನ್ನ ಕಣ್ಣು ನೋಡಿದಳು, ನಕ್ಕಳು.

"ಚೆನ್ನಾಗಿದೀನಿ ಅಮ್ಮಾ. ಎಂತ ಕಷ್ಟನೂ ಇಲ್ಲ."

ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡಿದ್ದಳು. ಕಿವಿ ಮುಚ್ಚಿಕೊಳ್ಳಬೇಕೆನಿಸಿಯೂ ನಾಲ್ಕು ಜನರೆದುರು ಮುಚ್ಚಿಕೊಳ್ಳಲಾಗದಾಗ ನಾನು ಹಾಗೆ ಮಾಡುತ್ತೇನೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ನೋಡಿದ್ಯನೇ? ಈಗ ಎಷ್ಟು ಚಂದ ಕಣ್ಣು ಕೊಟ್ಟು ಮಾತಾಡ್ತಾಳೆ. ಸುಧಾರಿಸಿದಾಳೆ ಅಲ್ವಾ?"

ಎದ್ದು ಕೂಗಬೇಕು ಅನ್ನಿಸಿತು. ಕೂಗಿದರೆ ಮುಂದಿನ ತಿಂಗಳು ಈ ಜಗಲಿಯೂ ಇಲ್ಲ.

"ಹೌದು ಅತ್ತೆ, ಸುಧಾರಿಸಿದಾಳೆ," ಎಂದೆ. ಅವರ ಕಣ್ಣು ನೋಡಿಕೊಂಡೇ ಹೇಳಿದೆ.