ಪೀಪಾಯಿಯಲ್ಲಿ ಉಳಿದ ವೈನು

ಕುಷ್ಟಗಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಮನೆಯಲ್ಲೂ ಪಾಠ ಮಾಡುವ ಚಟ. ಗ್ರೀಸಿನ ಕಡೆಯ ಮಾಮ್ಸಿ ಎಂಬ ಸಿಹಿ ವೈನನ್ನು ಹಳೆಯ ಕವಿಗಳು ಬಾಯ್ತುಂಬ ಹೊಗಳಿದ್ದಾರೆಂದೂ, ರಾಜನೊಬ್ಬನ ತಮ್ಮನನ್ನು ಅದರ ಪೀಪಾಯಿಯಲ್ಲೇ ಮುಳುಗಿಸಿ ಕೊಂದರೆಂಬ ಕತೆಯಿದೆಯೆಂದೂ ಅವ್ವನಿಗೆ ಹೇಳಿದೆ. ಹಲ್ಲಿ ಬಿತ್ತೆಂದು ಆಗಷ್ಟೇ ಒಂದು ಗಡಿಗೆ ಮಜ್ಜಿಗೆ ಚೆಲ್ಲಿ ಬಂದಿದ್ದ ಅವ್ವ ಸತ್ತವನಿಗಾಗಿ ಮರುಗಲಿಲ್ಲ.

"ಆಮ್ಯಾಲೆ ಆ ವೈನ್ ಏನ್ ಮಾಡಿದ್ರು?"

ಇಷ್ಟು ವರ್ಷ ಪಾಠ ಹೇಳಿದರೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಸಿಟ್ಟು ಬಂತು. ವಾರವಿಡೀ ಪುಸ್ತಕ ತಿರುವಿದೆ, ಒಬ್ಬರೂ ಬರೆದಿಲ್ಲ.

"ಚೆಲ್ಲಿರಬೇಕು ಬೇ," ಎಂದೆ.

ಅವ್ವ ಗಡಿಗೆ ತಿಕ್ಕುತ್ತಲೇ ಅಂದಳು: "ಚೆಲ್ಲಿದ್ರ ಅದನ್ನೂ ಬರೀತಿದ್ರು. ನಿನ್ನ ಕವಿಗೋಳು ಆ ಪೀಪಾಯಿದನ್ನ ಕುಡದ ಹೊಗಳ್ಯಾರ, ತಗಿ."